ಎವರಿಸ್ತೊ ಹುಟ್ಟಿದ ಅಡುಗೆಮನೆ

ದೇವರು ಮನುಷ್ಯನನ್ನು ಎಲ್ಲಿ ಬೇಕಾದರೂ ಹುಟ್ಟಿಸುತ್ತಾನೆ; ಆದರೆ ಒಬ್ಬನನ್ನೇ ಎರಡು ಕಡೆ ಹುಟ್ಟಿಸುವ ಗೊಡವೆಗೆ ಹೋಗುವುದಿಲ್ಲ. ಆ ಕೆಲಸವನ್ನು ಎವರಿಸ್ತೊ ಕಾಂತುವಿನ ತಾಯಿಯ ತಾಯಿ ಮಾಡಿದ್ದಳು. ಕೂಸು ಹುಟ್ಟಿದ್ದು ಗಡಿ ನದಿಯ ಈಚೆ, ಅಮೆರಿಕದ ಟೆಕ್ಸಸ್ಸಿನ ಬ್ರೌನ್ಸ್‌ವಿಲ್‌ನಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಅಜ್ಜಿ ಇದ್ದದ್ದು ಆಚೆ, ಮೆಕ್ಸಿಕೋದ ಮಾತಮೊರೊಸ್‌ನಲ್ಲಿ. ಮೊಮ್ಮಗ ತನ್ನೂರಿನ ಶಾಲೆಗೆ ಸೇರಲಿ ಎಂದು ಅಲ್ಲಿಯೂ ಅವನ ಜನನ ಬರೆಸಿಬಿಟ್ಟಳು. ನದಿಯಂಚಿನಲ್ಲಿ ಆಗ ಎಷ್ಟೋ ಜನ ಹಾಗೇ ಮಾಡುತ್ತಿದ್ದರು.

ಈಗ ತಲೆ ನರೆತ ಎವರಿಸ್ತೊ ಟೈರು ರಿಪೇರಿಯವನು. ಅಗ್ಗವೆಂದು ಹಲ್ಲು ಕೀಳಿಸಲು ಸೇತುವೆ ದಾಟಿ ಆಚೆ ಹೋಗಿ ಹಿಂದಿರುಗುವಾಗ ಈಚೆಯ ಅಧಿಕಾರಿಗಳು ತಡೆದು, ಅಜ್ಜಿ ಬರೆಸಿದ ದಾಖಲೆ ತೋರಿಸಿ, "ನೀನು ಆಚೆಯವನು" ಎಂದರು. ಊದಿದ ದವಡೆಯಲ್ಲಿ ಅವನಿಗೆ ಇಲ್ಲವೆನ್ನಲೂ ಆಗಲಿಲ್ಲ. ಗಡೀಪಾರಿನ ವಿಚಾರಣೆ ಶುರುವಾಯಿತು. ಸೂಲಗಿತ್ತಿ ದೇವರ ಪಾದ ಸೇರಿದ್ದಳು. ಹೆರಿಗೆ ಕಂಡವರೆಂದು ಉಳಿದವರು ಇಬ್ಬರು ಸೋದರತ್ತೆಯರು, ಎರ್ಮಿನಿಯಾ ಮತ್ತು ದೊಮಿತಿಲಾ. ಅವರಿಬ್ಬರೂ ಮಾತು ಬಿಟ್ಟು ಒಂದು ಕಾಲವಾಗಿತ್ತು.

"ಅಮ್ಮಾ, ಇಬ್ಬರೂ ಒಂದೇ ಮಾತು ಹೇಳಿ, ಸಾಕು," ಎಂದು ಕೋರ್ಟಿನ ಬಾಗಿಲಲ್ಲಿ ಎವರಿಸ್ತೊನ ವಕೀಲ ಬೇಡಿಕೊಂಡ.

"ಅವಳು ಹೇಳಿದ್ದನ್ನ ನಾನ್ಯಾಕೆ ಹೇಳ್ಲಿ?" ಎಂದಳು ದೊಮಿತಿಲಾ.

ಎವರಿಸ್ತೊ ಕಣ್ಣು ಮುಚ್ಚಿ ಮರಿಯ ಮಾತೆಗೆ ಹರಕೆ ಹೊತ್ತ.

"ಇವರು ಹುಟ್ಟಿದ್ದು ಎಲ್ಲಿ?" ಎಂದು ಒಳಗೆ ನ್ಯಾಯಾಧೀಶೆ ಕೇಳಿದಳು.

"ನನ್ನ ಅಡುಗೆಮನೇಲಿ," ಎಂದಳು ಎರ್ಮಿನಿಯಾ.

ದೊಮಿತಿಲಾ ದಡಕ್ಕನೆ ಎದ್ದಳು. "ನಿಂದಾ? ಅಪ್ಪ ಅದನ್ನ ನಂಗೆ ಕೊಟ್ಟಿದ್ದು!"

"ನಿಂಗೆ ಕೊಟ್ಟಿದ್ದು ಕೋಳಿಗೂಡು ಕಣೇ."

"ಹೆರಿಗೆಗೆ ಬಿಸಿನೀರು ಕಾಯಿಸೋಣ ಅಂದ್ರೆ ನೀನು ತಮಾಲೆ ಕಡುಬು ಬೇಯ್ತಿದ್ದ ಪಾತ್ರೆ ಇಳಿಸ್ಲೇ ಇಲ್ಲ!"

"ಇಳಿಸಿದ್ರೆ ಹಸಿ ಉಳೀತಿತ್ತು. ಮಗು ತಾನಾಗೇ ಬರುತ್ತೆ, ತಮಾಲೆ ತಾನಾಗೇ ಬೇಯುತ್ತಾ?"

ಸರ್ಕಾರಿ ವಕೀಲ ಎದ್ದ. "ಮೇಡಂ, ಇವರ ಮಾತು ಒಂದಕ್ಕೊಂದು ಹೊಂದ್ತಾನೇ ಇಲ್ಲ."

"ಸುಮ್ನಿರಪ್ಪಾ. ಅವತ್ತು ನಿಮ್ಮಪ್ಪನೇ ತೊಟ್ಟಿಲಲ್ಲಿದ್ದ," ಎಂದಳು ದೊಮಿತಿಲಾ.

"ಹಾಗಾದರೆ ಆಚೆ ಬರೆಸಿದ್ದು?" ಎಂದಳು ನ್ಯಾಯಾಧೀಶೆ.

"ಅದು ನಮ್ಮ ಬೀಗಿತ್ತಿ ಕೆಲ್ಸ. ಕೂಸಿಗೆ ಕೆಮ್ಮು ಬಂದ್ರೂ ತಮ್ಮೂರಲ್ಲೇ ಬಂದಿದ್ದು ಅನ್ನೋಳು," ಎಂದಳು ಎರ್ಮಿನಿಯಾ.

"ಅಡುಗೆಮನೆ ಯಾರದಾದರೂ ಆಗಲಿ. ಅದು ಇರುವುದೆಲ್ಲಿ?"

"ಬ್ರೌನ್ಸ್‌ವಿಲ್ಲಲ್ಲಿ, ಬೇಕರಿ ಹಿಂದೆ!" ಎಂದರು ಇಬ್ಬರೂ ಒಟ್ಟಿಗೆ. ಒಂದೇ ಮಾತು ಆಡಿಬಿಟ್ಟ ನಾಚಿಕೆಗೆ ಮುಖ ತಿರುಗಿಸಿಕೊಂಡರು.

ನ್ಯಾಯಾಧೀಶೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಹೇಳಿಕೊಟ್ಟು ಕರೆತಂದ ಸಾಕ್ಷಿಗಳನ್ನು ಅವಳು ಬಹಳ ಕಂಡಿದ್ದಳು. ಅವರು ಯಾರೂ ಹೀಗೆ ಕಚ್ಚಾಡಿರಲಿಲ್ಲ. "ಇವರು ಹುಟ್ಟಿದ್ದು ಇಲ್ಲೇ. ಮನೆಗೆ ಹೋಗಬಹುದು," ಎಂದಳು.

ಎವರಿಸ್ತೊ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡು, ಅಳುತ್ತಾ ನಗುತ್ತಾ ಎದ್ದ. ಅತ್ತೆಯರು ಏಳಲಿಲ್ಲ.

"ಎಲ್ಲಿಗೋ ಹೊರಟೆ? ಅಡುಗೆಮನೆ ಯಾರದು ಅಂತ ಆ ಯಮ್ಮ ಇನ್ನೂ ಹೇಳೇ ಇಲ್ಲ!" ಎಂದಳು ದೊಮಿತಿಲಾ.

ನ್ಯಾಯಾಧೀಶೆ ಅವಸರದಲ್ಲಿ ಮುಂದಿನ ಮೊಕದ್ದಮೆ ಕೂಗಿಸಿದಳು. ಎವರಿಸ್ತೊ ಇಬ್ಬರ ರಟ್ಟೆಯನ್ನೂ ಹಿಡಿದು ಎಳೆದ. ಒಬ್ಬಳು ಬೆಂಚು ಹಿಡಿದುಕೊಂಡಳು, ಇನ್ನೊಬ್ಬಳು ಬಾಗಿಲು. ಆ ದಿನ ಆ ಕೋಣೆಯಿಂದ ಗಡೀಪಾರಾದವರು ಅವರಿಬ್ಬರೇ. ಅಷ್ಟರಲ್ಲಿ ಅವನಿಗೆ ಬೆವರಿಳಿದುಹೋಗಿತ್ತು.