ಮೂಗುತಿ ಹಾಕಿದ ರೋಹು

ನನ್ನ ಮೀನಿಗೆ ಮೂಗುತಿ ಹಾಕಿ ಮಲಗಿಸಿದ್ದರು.

ಡೀಸೆಲ್ ಕ್ಯಾನು ಹಿಡಿದು ಅಂಗಳಕ್ಕೆ ಬಂದವಳು ಹಾಗೇ ನಿಂತುಬಿಟ್ಟೆ. ಹಿತ್ತಾಳೆ ಪರಾತದ ಮೇಲೆ ಕೆಂಪು ಬನಾರಸಿ ತುಂಡು ಉಟ್ಟ ದೊಡ್ಡ ರೋಹು, ಹಣೆಗೆ ಸಿಂಧೂರ, ಬಾಯಲ್ಲಿ ವೀಳ್ಯ. ಅಣ್ಣನ ಮಗ ಹಿರಣನಿಗೆ ಅರಿಶಿನ ಹಚ್ಚಿ ಆಗಿತ್ತು. ಉಳಿದ ಅರಿಶಿನದ ಜೊತೆ ಮೀನು ಹೆಣ್ಣಿನ ಮನೆಗೆ ಹೋಗಬೇಕು. ಅದು ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೀರೆಯಂಚಿನ ಕೆಳಗೆ ಒಂದು ರೆಕ್ಕೆ ಮೋಟಾಗಿತ್ತು. ಗುರುತಿಗೆಂದು ಅದನ್ನು ಕತ್ತರಿಸಿದವಳು ನಾನೇ.

"ದಾದಾ, ಇದನ್ನ ಎಲ್ಲಿ ಹಿಡಿದೆ?"

"ನಿನ್ನ ತೊಟ್ಟೀಲಿ," ಎಂದ ಅಣ್ಣ ಗದಾಧರ. "ಪೇಟೆಯಿಂದ ತರಿಸಿದ್ದು ಅಂಗೈಯಷ್ಟಿತ್ತು. ಬೀಗರ ಮುಂದೆ ಮಾನ ಹೋಗ್ತಿತ್ತು. ಮೀನು ಅಂದ್ರೆ ಮೀನು, ಯಾವುದಾದ್ರೇನೇ ಪುಂಟಿ?"

ಯಾವುದಾದರೇನಂತೆ! ಬಂಗಾಳದ ಬಾಂಕುಡಾದ ಈ ಕೊಳದ ರೋಹುಗಳೆಲ್ಲ ಅಪ್ಪನ ಕಾಲದಿಂದ ಒಂದೇ ಸಂಸಾರ. ಅಣ್ಣ ತಂಗಿಯರಿಗೇ ಮೊಟ್ಟೆಯಿಡಿಸುವ ಮದ್ದು ಚುಚ್ಚಿ, ಜೋಡಿ ಮಾಡಿ, ಮರಿ ತೆಗೆದೂ ತೆಗೆದೂ ಈಗ ಹುಟ್ಟುವವೆಲ್ಲ ಗೂನು ಬೆನ್ನಿನವು, ಬೆಳವಣಿಗೆ ಇಲ್ಲದವು. ಸಗೋತ್ರ ಎಂದು ಮಗನಿಗೆ ಬಂದ ಒಳ್ಳೆಯ ಸಂಬಂಧಗಳನ್ನೇ ಬಿಟ್ಟ ಮಹಾನುಭಾವ ನನ್ನಣ್ಣ. ಮೀನಿಗೂ ಗೋತ್ರ ನೋಡು ಎಂದು ನಾನು ಬಡಿದುಕೊಂಡದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ನಾನೇ ಹೋಗಿ ಗಂಗೆಯಿಂದ ಬೆರಳುದ್ದದ ಮರಿಗಳನ್ನು ತಂದೆ. ಬದುಕಿ ಬೆಳೆದವಳು ಇವಳೊಬ್ಬಳೇ. ಗಂಡ ಸತ್ತ ಮೇಲೆ ನಾನು ಮೀನು ಬಾಯಿಗಿಟ್ಟವಳಲ್ಲ, ಆದರೆ ಇವಳಿಗೆ ತೌಡು ಹಿಂಡಿ ಹಾಕದೆ ಉಂಡವಳೂ ಅಲ್ಲ. ಇವತ್ತು ನಸುಕಿನಲ್ಲಿ ಇವಳಿಗೂ ನಮ್ಮ ಕೊಳದ ಗಂಡುಗಳಿಗೂ ಮದ್ದು ಚುಚ್ಚಿ, ತೊಟ್ಟಿಗೆ ಬಿಟ್ಟು, ಪಂಪಿಗೆ ಡೀಸೆಲ್ ತರಲು ಹೋಗಿದ್ದೆ. ಅಷ್ಟರಲ್ಲಿ ಈ ಶೃಂಗಾರ ಮಾಡಿದ್ದರು.

ಕಿವಿರು ಒಮ್ಮೆ ಮಿಡುಕಿ ನಿಂತಿತು. ನನ್ನ ಮೈಯೆಲ್ಲ ಉರಿದುಹೋಯಿತು. ತಾಯಿ ಸತ್ತರೂ ಹೊಟ್ಟೆಯ ಮೊಟ್ಟೆ ಸ್ವಲ್ಪ ಹೊತ್ತು ಬದುಕಿರುತ್ತದೆ. ಪರಾತದ ಕಡೆ ನುಗ್ಗಿದೆ.

"ಮುಟ್ಬೇಡ!" ಅತ್ತಿಗೆ ಚೀರಿದಳು. "ವಿಧವೆ ಕೈ ತಾಗಿದ್ರೆ ಮಂಗಳಕಾರ್ಯ ಕೆಡುತ್ತೆ!"

"ಬಸುರೀನ ಕೊಂದು ಸೀರೆ ಉಡಿಸಿದ್ದೀರಲ್ಲ ಬೌದಿ, ಅದೇನು ಮಂಗಳಾನಾ?"

ಸೀರೆ ಕಿತ್ತೆಸೆದೆ. ಮೀನನ್ನು ಸೆರಗಿನಿಂದ ಒರೆಸಿ ಒಣಗಿಸಿ, ಒಣ ಬೋಗುಣಿಯ ಮೇಲೆ ಹಿಡಿದು ಹೊಟ್ಟೆ ಒತ್ತಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಸಾಸಿವೆ ಸುರಿದ ಹಾಗೆ ಮೊಟ್ಟೆ ಇಳಿಯತೊಡಗಿತು.

ಅತ್ತಿಗೆ ಒಳಗೋಡಿ ತಂಬಿಗೆ ತಂದಳು. ನನ್ನ ಕೈ ಸೋಕಿದ್ದಕ್ಕೆಲ್ಲ ಗಂಗಾಜಲ ಚಿಮುಕಿಸಬೇಕಂತೆ!

"ದೂರ ನಿಲ್ಲಿ! ಗಂಡಿನ ಹಾಲು ಬೀಳೋ ಮೊದ್ಲು ನೀರು ತಾಗಿದ್ರೆ ಮೊಟ್ಟೆ ಬಾಯಿ ಮುಚ್ಕೊಳ್ಳುತ್ತೆ. ಒಂದು ಹನಿ ಬಿತ್ತೋ, ಆ ತಂಬಿಗೆ ನಿಮ್ಮ ತಲೆ ಮೇಲಿರುತ್ತೆ!"

"ಗಂಗಾಜಲ ಕಣೇ, ಪಾಪಿ!"

"ಇವಳು ಬಂದಿದ್ದೇ ಗಂಗೆಯಿಂದ!"

ಅತ್ತಿಗೆ ಅಲ್ಲೇ ನಿಂತಳು. ಅರಿಶಿನ ಮೆತ್ತಿಕೊಂಡು ಕೂತಿದ್ದ ಮದುಮಗ ಎದ್ದು ತೊಟ್ಟಿಗೆ ಧುಮುಕಿ, ಸೋದರತ್ತೆಯಾದ ನನ್ನನ್ನು ಕೂಗಿದ. "ಗಂಡು ಹಿಡ್ಕೊಂಡೆ ಪಿಸಿ!"

"ಚೆನ್ನಾಗಿ ಒರೆಸೋ, ಅರಿಶಿನ ತಾಗೀತು!"

ಗಂಡಿನ ಬೀಜದ ಹಾಲನ್ನು ಮೊಟ್ಟೆಯ ಮೇಲೆ ಹಿಂಡಿಸಿ, ಬಾತುಕೋಳಿ ಗರಿಯಿಂದ ಕಲೆಸಿ, ಆಮೇಲೆ ನೀರು ಹಾಕಿದೆ. ಗಂಡುಗಳನ್ನು ಹೊರತೆಗೆದು, ಮೊಟ್ಟೆಯನ್ನು ತೊಟ್ಟಿಗೆ ಬಿಟ್ಟೆ.

ಅತ್ತಿಗೆ ಅಳುತ್ತಲೇ ಮೀನಿಗೆ ಗಂಗಾಜಲ ಚಿಮುಕಿಸಿ, ಕುಗ್ಗಿದ ಹೊಟ್ಟೆ ಕಾಣದ ಹಾಗೆ ಸೀರೆಯನ್ನು ದಪ್ಪಗೆ ಸುತ್ತಿ, ಕಳಿಸಿಯೇಬಿಟ್ಟಳು. ಬೀಗರಿಗೆ ಗೊತ್ತಾಗದಿದ್ದರೆ ಅಪಶಕುನವೂ ಇಲ್ಲ ನೋಡಿ.

ಮರುದಿನ ಸೊಸೆಯ ಜೊತೆ ಅವಳ ಮನೆಯವರ ಕೊಂಕೂ ಬಂತು. ಅಣ್ಣ ತೊಟ್ಟಿಯ ಹತ್ತಿರ ಬಂದು ಹಾರಾಡಿದ. "ಮಳೆಗಾಲದ ರೋಹು, ಹೊಟ್ಟೇಲಿ ಒಂದು ಕಾಳು ಮೊಟ್ಟೆ ಇರ್ಲಿಲ್ಲ ಅಂತ ಆಡ್ಕೊಂಡು ನಕ್ಕರಂತೆ. ನನ್ನ ಮಾನ ಕಳೆದೆ!"

ರಟ್ಟೆ ಹಿಡಿದು ಅವನನ್ನು ಬಗ್ಗಿಸಿದೆ. ನೀರಿನ ತುಂಬ ರೆಪ್ಪೆಗೂದಲಿನಂಥ ಮರಿಗಳು ಬಾಲ ಬಡಿಯುತ್ತ ಸುತ್ತುತ್ತಿದ್ದವು.

"ಇಲ್ಲಿದೆ ನೋಡು ನಿನ್ನ ಮಾನ."

ಅಣ್ಣ ಬೊಗಸೆಯಲ್ಲಿ ನೀರು ಮೊಗೆದು ನೋಡಿದ. ದನಿ ಮೆತ್ತಗಾಯಿತು. "ಎಲ್ಲ ನೆಟ್ಟಗಿವೆ ಕಣೇ. ಇನ್ನೇನು ಬಿಡು, ಇವನ್ನೇ ಬೆಳೆಸಿ, ಇವಕ್ಕಿವನ್ನೇ ಜೋಡಿ ಮಾಡಿದ್ರಾಯ್ತು!"

ಸೀರೆ ಉಟ್ಟು ಸತ್ತವಳು ನೆನಪಾದಳು.

"ಹೌದು ದಾದಾ," ಎಂದೆ. "ಹಿರಣನಿಗೊಬ್ಬಳು ತಂಗಿ ಇದ್ದಿದ್ರೆ ನೀನೂ ಹೆಣ್ಣು ಹುಡುಕ್ಕೊಂಡು ಊರೂರು ಅಲೀಬೇಕಾಗಿರ್ಲಿಲ್ಲ, ಅಲ್ವಾ?"

ಅವನ ಮುಖ ಕಪ್ಪಿಟ್ಟಿತು. ಹೊಡೆಯಲು ಕೈ ಎತ್ತಿದ.

"ಹೊಡಿ," ಎಂದೆ. "ಹೊಡೆದು, ಗಂಗೆಗೆ ಹೋಗಿ ಇನ್ನೊಬ್ಬಳನ್ನ ತಂದ್ಕೊಡು."