ಹಾಳೆಯ ಹಿಂಬದಿ

ನಮ್ಮ ಮೇಡಂ ಕಂಪನಿಗಳ ವಕೀಲರು. ಕೊಲೆ, ಡೈವೋರ್ಸ್ ಅಂತ ಯಾರಾದರೂ ಬಂದರೆ ಪಕ್ಕದ ಕಟ್ಟಡ ತೋರಿಸುತ್ತಾರೆ. ಇವರದ್ದೇನಿದ್ದರೂ ಕರಾರು, ಪಾಲುದಾರಿಕೆ, ಗುತ್ತಿಗೆ. ವಾರಕ್ಕೆರಡು ಸಂಜೆ ಕಾನೂನು ಕಾಲೇಜಿನಲ್ಲಿ ಪಾಠ, ಶನಿವಾರ ಬೆಳಿಗ್ಗೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಬಿಟ್ಟಿ ಸಲಹೆ. ಇಪ್ಪತ್ತಾರು ವರ್ಷದಿಂದ ಇವರು ಬರೆದದ್ದನ್ನೆಲ್ಲ ಟೈಪು ಮಾಡಿದವನು ನಾನು. ಹೈಸ್ಕೂಲು ದಾಟದಿದ್ದರೂ ಅರ್ಧ ವಕೀಲನೆಂದು ಬೀಗುತ್ತಿದ್ದೆ.

ಆ ಜಂಬಕ್ಕೆ ಕುತ್ತು ಬಂದದ್ದು ಒಂದು ಶನಿವಾರ. ಹೊಲಿಗೆ ಸಂಘದ ಹೆಂಗಸರು ನೋಟಿಸು ಹಿಡಿದು ಬಂದರು. ಒಂಬತ್ತು ವರ್ಷದ ಬಾಡಿಗೆ ಕರಾರು ಮುಗಿಯಿತು, ತಿಂಗಳೊಳಗೆ ಜಾಗ ಖಾಲಿ ಮಾಡಿ ಎಂದು ಕಟ್ಟಡದ ಯಜಮಾನ ಬರೆಸಿದ್ದ. ಬ್ಯಾಂಕಿನವರು ಆ ಜಾಗ ಕೇಳಿದ್ದರಂತೆ. ಹನ್ನೊಂದು ಮೆಷಿನ್ನು, ಅದನ್ನು ನಂಬಿದ ಹನ್ನೊಂದು ಮನೆ. ಆ ಕರಾರು ಬರೆದುಕೊಟ್ಟವರು ನಮ್ಮ ಮೇಡಂ.

"ಇನ್ನೂ ಒಂಬತ್ತು ವರ್ಷ ಕೊಡ್ಬೇಕು ಅಂತ ಮಾತಾಗಿತ್ತಲ್ಲ, ಲಾಯರಮ್ಮ," ಎಂದರು ಸಂಘದ ಹಿರಿಯಕ್ಕ.

ಮೇಡಂ ಕರಾರನ್ನು ಮೂರು ಸಲ ಓದಿದರು. ಆ ಮಾತು ಅದರಲ್ಲಿರಲಿಲ್ಲ. "ನಾನೇ ಬರೆಯೋದು ಮರೆತಿರ್ಬೇಕು," ಎಂದರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಕಂಡೇ ಇರಲಿಲ್ಲ.

ಸೋಮವಾರ ಹಳೆಯ ಫೈಲು ತೆಗೆದೆ. ಮೇಡಂ ಅವರದ್ದೊಂದು ಪದ್ಧತಿ: ಕೈಬರಹದ ಕರಡನ್ನು ಎರಡೂ ಕಡೆಯವರಿಗೆ ಓದಿ ಹೇಳಿ, ಪುಟಪುಟಕ್ಕೂ ಸಹಿ ಹಾಕಿಸಿ, ಆಮೇಲೆ ಟೈಪಿಗೆ ಕೊಡುವುದು. ಕರಡಿನ ಕೊನೆಯ ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ ನಾಲ್ಕು ಸಾಲು: ಸಂಘ ಕೇಳಿದರೆ ಇನ್ನೊಂಬತ್ತು ವರ್ಷ ಕೊಡತಕ್ಕದ್ದು. ಕೆಳಗೆ ಯಜಮಾನನ ಸಹಿ, ಹಿರಿಯಕ್ಕನ ಸಹಿ. ಮೇಡಂ ಮರೆತಿರಲಿಲ್ಲ. ಟೈಪು ಮಾಡುವಾಗ ನಾನು ಹಾಳೆ ತಿರುಗಿಸಿರಲಿಲ್ಲ.

ಹರಿದು ಬುಟ್ಟಿಗೆ ಹಾಕಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಕೈ ಒಂದು ಗಳಿಗೆ ಆ ಕಡೆ ಹೋಗಿತ್ತು. ಆದರೆ ಮಾಡದ ತಪ್ಪಿಗೆ ಅವರು ತಲೆ ತಗ್ಗಿಸುವುದನ್ನು ನೋಡುತ್ತ ನನಗೆ ಅನ್ನ ಇಳಿಯುವಂತಿರಲಿಲ್ಲ. ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ.

"ಟೈಪಣ್ಣ, ಇದೊಂದು ಇಲ್ದಿದ್ರೆ ಅವರ ಕೇಸು ಅಲ್ಲಿಗೇ ಮುಗೀತಿತ್ತು," ಎಂದರು ಓದಿ. "ಯಜಮಾನ ಒಪ್ಪಿದ್ದ ಅನ್ನೋದಕ್ಕೆ ಇದೇ ಸಾಕ್ಷಿ."

"ತಪ್ಪು ನನ್ನದು ಮೇಡಂ. ಕೋರ್ಟಲ್ಲೂ ಹೇಳ್ತೀನಿ."

"ನೀವು ಟೈಪ್ ಮಾಡಿದ್ರಿ. ತಾಳೆ ನೋಡದೆ ಸಹಿ ಹಾಕ್ಸಿದ್ದು ನಾನು. ಇಬ್ರೂ ಹೇಳೋಣ."

ತಾವೇ ಸಾಕ್ಷಿಯಾದ್ದರಿಂದ ಕೇಸನ್ನು ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸಿದರು. ಕೋರ್ಟು ತುಂಬಿತ್ತು. ಮೇಡಂ ಎಡವುವುದನ್ನು ನೋಡಿ ಕಣ್ಣು ತಂಪು ಮಾಡಿಕೊಳ್ಳಲು ಬಂದ ವಕೀಲರೇ ಹೆಚ್ಚು. ಎದುರು ಪಕ್ಷದ ವಕೀಲ ನಗುತ್ತ ಕೇಳಿದ: "ಕರಾರು ಬರೆಯೋದನ್ನ ಊರಿಗೆಲ್ಲ ಕಲಿಸೋರು, ತಮ್ಮ ಕರಾರನ್ನೇ ಓದ್ಲಿಲ್ವಾ?"

"ಅವತ್ತು ಓದ್ಲಿಲ್ಲ. ತಪ್ಪು ನನ್ನದೇ," ಎಂದರು ಮೇಡಂ, ಹಾಜರಿ ಹೇಳಿದಷ್ಟೇ ಸಲೀಸಾಗಿ.

ನಗು ನಿಂತಿತು. ಇವರ ಕೈಕೆಳಗೆ ದುಡಿದೆನಲ್ಲ ಎಂದು ನನ್ನ ಎದೆ ಉಬ್ಬಿತು. ಕಟಕಟೆ ಹತ್ತಿ ನಾನೂ ನನ್ನ ತಪ್ಪು ಒಪ್ಪಿಕೊಂಡೆ. ಯಜಮಾನನಿಗೆ ತನ್ನ ಸಹಿಯನ್ನು ಅಲ್ಲಗಳೆಯಲಾಗಲಿಲ್ಲ. ಬಿಟ್ಟುಹೋದ ಮಾತನ್ನು ಸೇರಿಸಿ ಕರಾರು ತಿದ್ದಬೇಕೆಂದು ತೀರ್ಪಾಯಿತು. ಹನ್ನೊಂದು ಮೆಷಿನ್ನೂ ಅಲ್ಲೇ ಉಳಿದವು.

ಮುಂದಿನ ವಾರ ಮೇಡಂ ನನ್ನನ್ನು ಕಾಲೇಜಿಗೆ ಕರೆದೊಯ್ದರು. ಅರವತ್ತು ಹುಡುಗ ಹುಡುಗಿಯರಿಗೆ ಆ ತಪ್ಪು ಕರಾರಿನ ಪ್ರತಿ ಹಂಚಿದ್ದರು. "ಇವತ್ತಿನ ಪಾಠ ಇವರು ಮಾಡ್ತಾರೆ," ಎಂದು ಸೀಮೆಸುಣ್ಣ ನನ್ನ ಕೈಗಿಟ್ಟು, ಹಿಂದಿನ ಬೆಂಚಿಗೆ ಹೋಗಿ ಕುಳಿತರು. ನೂರಾರು ಭಾಷಣ ಟೈಪು ಮಾಡಿದ್ದೆ, ಒಂದನ್ನೂ ಮಾಡಿದವನಲ್ಲ. ಒಂದು ಪ್ರತಿ ಎತ್ತಿ ಹಿಡಿದೆ.

"ಈ ಕರಾರನ್ನ ಕೆಡಿಸಿದವನು ನಾನು," ಎಂದು ಶುರು ಮಾಡಿದೆ.

ಯಾರೂ ನಗಲಿಲ್ಲ. ಎಲ್ಲರೂ ಬರೆದುಕೊಳ್ಳಲು ಪೆನ್ನು ತೆಗೆದರು, ಮೇಡಂ ಕೂಡ.