ಜ್ವರ ಬರಲಿಲ್ಲ

“ಜ್ವರ ಐತಾ?” ಎಂದು ಕೇಳಿದ ತಿಮ್ಮೇಶ್.

“ಜ್ವರ ಏನೂ ಇಲ್ಲ ಕಣಪ್ಪ. ತಲೆ ಸಿಡೀತೈತೆ. ಕತ್ತು ಬಗ್ಸಾಕೆ ಆಗ್ತಿಲ್ಲ,” ಎಂದಳು ಫೋನಿನಲ್ಲಿ ಅವ್ವ ಗಾದ್ರಮ್ಮ.

“ಜ್ವರ ಇಲ್ಲ ಅಂದ್ಮೇಲೆ ಹೆದರಬ್ಯಾಡ. ಉಳುಕಿರಬೇಕು. ಮಲಗು.”

ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಶಾಪಿನಲ್ಲಿ ಹದಿನಾಲ್ಕು ವರ್ಷ ಕೌಂಟರಿನ ಹಿಂದೆ ನಿಂತವನ ಧೈರ್ಯ ಅದು. ಹೊನ್ನಾಳಿ, ನ್ಯಾಮತಿ ಕಡೆಯ ಗಿರಾಕಿಗಳೂ ಅವನನ್ನು ಡಾಕ್ಟ್ರೇ ಎನ್ನುತ್ತಿದ್ದರು. ಮೊದಮೊದಲು ಅವನು ಬೇಡ ಎನ್ನುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ.

ಎರಡು ವರ್ಷದ ಹಿಂದೆ ಅವ್ವನ ಮಂಡಿ ಹಿಡಿದುಕೊಂಡಾಗ ಅವನು ಯಾವ ಡಾಕ್ಟರನ್ನೂ ಕೇಳಲಿಲ್ಲ. ಕಪಾಟಿನಿಂದ ಸಣ್ಣ ಬಿಳಿ ಮಾತ್ರೆಯ ಶೀಟುಗಳನ್ನು ತೆಗೆದು ಅವ್ವನ ಊರಿಗೆ ಹೋಗುವ ಜಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಶೀಟಿನ ಮೇಲೇ ಅಚ್ಚಾಗಿತ್ತು. ದಿನಾ ಮಾರುವವನಿಗೆ ಅದು ಕಣ್ಣಿಗೆ ಬೀಳುವುದು ಯಾವಾಗಲೋ ನಿಂತಿತ್ತು. ನಾಲ್ಕನೇ ದಿನಕ್ಕೆ ಅವ್ವ ಮೆಕ್ಕೆಜೋಳದ ಹೊಲಕ್ಕೆ ಕಳೆ ತೆಗೆಯಲು ಹೋದಳು. ಮಾತ್ರೆ ತಪ್ಪದೆ ತಿಂಗಳು ತಿಂಗಳು ಹೋಗತೊಡಗಿತು. ಅವಳ ಮುಖ ದುಂಡಗಾಯಿತು, ಮಗನ ಮಾತ್ರೆಯಿಂದ ಮೈ ತುಂಬಿಕೊಂಡಳು ಎಂದು ಊರೆಲ್ಲ ಹೊಗಳಿತು. ಈಚೆಗೆ ಒಂದು ತಿಂಗಳಿಂದ ಕಿವಿ ಸೋರುತ್ತಿತ್ತು. ನೋವಿಲ್ಲವಲ್ಲ ಎಂದು ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಸುಮ್ಮನಿದ್ದಳು.

ಫೋನು ಮಾಡಿದ ಮೂರನೇ ದಿನ ಪಕ್ಕದ ಮನೆಯ ಓಬಮ್ಮ ಕರೆ ಮಾಡಿ, “ನಿಮ್ಮವ್ವ ನನ್ನನ್ನೇ ಯಾರು ಅಂತ ಕೇಳ್ತಾಳಪ್ಪ,” ಎಂದಳು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರೇಮಲತಾ ಮೊದಲು ಕೇಳಿದ್ದೇ ಮಾತ್ರೆಯ ವಿಷಯ. “ಯಾವ ಮಾತ್ರೆ ತಗೊಳ್ತಿದ್ರು?”

“ನೋವಿನ ಮಾತ್ರೆ ಮೇಡಂ. ಅಷ್ಟೆ.”

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಅವನಿಗೆ ನಾಚಿಕೆಯಾಯಿತು. ಐವತ್ತು ತುಂಬದ ಹೆಂಗಸು ಒಳಗೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ಇವನು ಕಾಪಾಡಿಕೊಂಡದ್ದು ತನ್ನ ಮರ್ಯಾದೆಯನ್ನು.

ಪರೀಕ್ಷೆಗೆಂದು ಬೆನ್ನಿನಿಂದ ತೆಗೆದ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿತ್ತು. ಮರುದಿನ ಬೆಳಿಗ್ಗೆ ಡಾಕ್ಟರ್ ಅವನನ್ನು ಕರೆದರು.

“ಸೋರೋ ಕಿವಿಯಿಂದ ಮೆದುಳಿನ ಪೊರೆಗೆ ಬ್ಯಾಕ್ಟೀರಿಯಾ ಹೋಗಿದೆ. ಹಾಗೆ ಹೋದ ಕೂಡಲೆ ಅಲ್ಲಿನ ಕಾವಲು ಜೀವಕೋಶಗಳು ಕೂಗು ಹಾಕ್ತವೆ. ಅವುಗಳ ಕೂಗು ಅಂದ್ರೆ ರಾಸಾಯನಿಕ. ಅದು ಮುಟ್ಟಿದ್ರೆ ರಕ್ತದಿಂದ ಬಿಳಿ ಕಣಗಳು ಓಡಿ ಬರ್ತವೆ, ಮೈ ಕಾಯ್ತದೆ. ಜ್ವರ ಬರೋದೇ ಹಾಗೆ. ಇವರಲ್ಲಿ ಕ್ರಿಮಿ ತುಂಬಿದೆ, ಬಿಳಿ ಕಣ ಬೆರಳೆಣಿಕೆಯಷ್ಟು. ಕೂಗು ಯಾಕೆ ಏಳಲಿಲ್ಲ ಅಂತ ನನಗೆ ಗೊತ್ತಾಗ್ತಿಲ್ಲ.”

ಅವನಿಗೆ ಗೊತ್ತಾಯಿತು. ಅದೇ ಹೊತ್ತಿಗೆ ನರ್ಸ್ ಸಣ್ಣ ಗಾಜಿನ ಸೀಸೆಯೊಂದರ ಕುತ್ತಿಗೆ ಮುರಿದು ಸಿರಿಂಜಿಗೆ ಔಷಧಿ ಎಳೆದಳು. ಅದರ ಮೇಲಿನ ಹೆಸರನ್ನು ಅವನು ದೂರದಿಂದಲೇ ಓದಿದ. ಅದೇ ಡೆಕ್ಸಾಮೆಥಾಸೋನ್.

“ಇದನ್ನ ಯಾಕೆ ಕೊಡ್ತೀರಿ ಮೇಡಂ?”

“ಆಂಟಿಬಯೋಟಿಕ್ ಬಿದ್ದು ಕ್ರಿಮಿ ಒಡೆದಾಗ ಕೂಗು ಮಿತಿಮೀರಬಹುದು, ಮೆದುಳು ಬಾತುಕೊಳ್ತದೆ. ತಗ್ಗಿಸೋಕೆ ನಾಲ್ಕೇ ದಿನ ಕೊಡ್ತೀವಿ. ಸುಮ್ನೆ ದಿನಾ ತಿಂದ್ರೆ ಕೂಗೋರ ಬಾಯೇ ಮುಚ್ಚಿಹೋಗ್ತದೆ.”

“ಎರಡು ವರ್ಷದಿಂದ ದಿನಾ ತಿಂದಾಳೆ,” ಎಂದ ತಿಮ್ಮೇಶ್. “ನಾನೇ ಕಳಿಸ್ತಿದ್ದೆ.”

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ನಿನ್ನೆ ಹೇಳಿದ್ದಿದ್ರೆ ಇಂಥವರಿಗೆ ಬೇಕಾದ ಇನ್ನೊಂದು ಆಂಟಿಬಯೋಟಿಕ್ ನಿನ್ನೆಯೇ ಸೇರಿಸ್ತಿದ್ದೆ,” ಎಂದಷ್ಟೇ ಹೇಳಿ ಹಾಳೆಯ ಮೇಲೆ ಬರೆಯತೊಡಗಿದರು.

ಆ ಔಷಧಿಯನ್ನೂ ಕೊಟ್ಟರು. ಮರುದಿನ ಮಧ್ಯಾಹ್ನ ಗಾದ್ರಮ್ಮ ತೀರಿಕೊಂಡಳು. ಕೊನೆಯ ಬಾರಿ ಅವನು ಹಣೆ ಮುಟ್ಟಿ ನೋಡಿದಾಗಲೂ ಅದು ತಣ್ಣಗಿತ್ತು.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದು ಜನ ಅಂಗಳದಲ್ಲಿ ಕೂತರು. ಹೆತ್ತರೆ ಇಂಥ ಮಗನನ್ನು ಹೆರಬೇಕು, ಒಂದು ತಿಂಗಳೂ ಮಾತ್ರೆ ತಪ್ಪಿಸಲಿಲ್ಲ ಎಂದರು. ತಿಮ್ಮೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓಬಮ್ಮ ಹತ್ತಿರ ಬಂದು ಸೆರಗಿನ ಗಂಟು ಬಿಚ್ಚಿ ಒಂದು ಖಾಲಿ ಶೀಟು ತೋರಿಸಿದಳು.

“ನಿಮ್ಮವ್ವನ ದಿಂಬಿನ ಕೆಳಗೆ ಸಿಕ್ತು. ಇದನ್ನ ನಂಗೂ ಕಳಿಸಪ್ಪ. ಮಂಡಿ ಮಡಿಸಾಕೆ ಆಗ್ತಿಲ್ಲ.”

ಈ ಸಲ ಅವನು ಮುಚ್ಚಿಡಲಿಲ್ಲ. ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ. “ಅವ್ವನ್ನ ಕೊಂದಿದ್ದು ಇದೇ ಮಾತ್ರೆ, ಓಬಮ್ಮಕ್ಕ. ಕೊಟ್ಟು ಕೊಂದವ ನಾನು.”

ಪಾಪ, ತಲೆ ಕೆಟ್ಟೈತೆ, ಹೊಟ್ಟೆಸಂಕಟ ಎಂದು ಯಾರೋ ಲೊಚಗುಟ್ಟಿದರು. ಓಬಮ್ಮ ಅವನ ಬೆನ್ನು ಸವರಿದಳು. ಇನ್ನೊಂದು ಕೈಯಲ್ಲಿ ಶೀಟನ್ನು ಜೋಪಾನವಾಗಿ ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.

“ಹಂಗನ್ನಬ್ಯಾಡ ತಮ್ಮಾ. ಆ ಮಾತ್ರೆಯಿಂದಾನೇ ಎರಡು ವರ್ಷ ಓಡಾಡಿದ್ಲು. ಸಾಯೋತನಕ ಒಂದು ದಿನ ಜ್ವರಾನೂ ಬರ್ಲಿಲ್ಲ ಆಕೆಗೆ.”